ಒಂದು ಹುದ್ದೆಗೆ ಮೂವರು ದಾವೀದರು

ಹೆಂಡತಿ: ಬೈಬಲಿನ ಯೋಸೇಫನ ಹಾಗೆ ಕನಸು ಹೇಳ್ಕೊಂಡು ಮ್ಯಾನೇಜರ್ ಮುಂದೆ ಕೂತ್ಕೋತೀರಾ? ನಿಮ್ಮ ತಲೆ ನೆಟ್ಟಗಿದೆ ತಾನೇ?

ಗಂಡ: ದೊಡ್ಡ ಕನಸು ಕಾಣು, ಧೈರ್ಯವಾಗಿ ಹೇಳು ಅಂತ ಭಾಷಣದಲ್ಲಿ ಹೇಳಿದ್ರು ಕಣೇ. ಯೋಸೇಫ ಹೇಳ್ದ. ಕೊನೆಗೆ ಇಡೀ ದೇಶದ ಉಗ್ರಾಣ ಅವನ ಕೈಗೆ ಬಂತು.

ಹೆಂಡತಿ: ಕೊನೆಗೆ ಬಂತು. ಮೊದಲು ಅಣ್ಣಂದಿರು ಗುಂಡಿಗೆ ತಳ್ಳಿದ್ರು. ಆಮೇಲೆ ಮಾರಿದ್ರು. ಆಮೇಲೆ ಜೈಲು.

ಗಂಡ: ಅದನ್ನ ಅವರು ಹೇಳಲಿಲ್ಲ.

ಹೆಂಡತಿ: ಹದಿಮೂರು ವರ್ಷದ ಪಾಡು ಒಂದು ಗಂಟೆ ಭಾಷಣದಲ್ಲಿ ಎಲ್ಲಿ ಹಿಡಿಸುತ್ತೆ?

ಗಂಡ ದೊಡ್ಡ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹದಿನೈದು ವರ್ಷದಿಂದ ದುಡಿಯುತ್ತಿದ್ದ. ಸೂಪರ್‌ವೈಸರ್ ನಿವೃತ್ತನಾಗಿ ಆ ಜಾಗ ಖಾಲಿಯಾಗಿತ್ತು. ಇವತ್ತು ಹನ್ನೊಂದಕ್ಕೆ ಸಂದರ್ಶನ. ಸಾವಿರಾರು ಬೆಡ್‌ಶೀಟುಗಳನ್ನು ಗೆರೆ ಹಿಡಿದು ಮಡಿಸಿದ ಕೈಗೆ ಈ ಬೆಳಿಗ್ಗೆ ತನ್ನದೇ ಅಂಗಿಯ ಕಾಲರು ಬಗ್ಗುತ್ತಿರಲಿಲ್ಲ. ಹೆಂಡತಿ ಚರ್ಚಿನಲ್ಲಿ ಮಕ್ಕಳಿಗೆ ಬೈಬಲ್ ಪಾಠ ಹೇಳುವವಳು, ಇವನು ಹಿಂದಿನ ಬೆಂಚಿನಲ್ಲಿ ತೂಕಡಿಸುವವನು. ಈ ಭಾನುವಾರ ಮಾತ್ರ ಪ್ರಾರ್ಥನೆಯ ನಂತರ ‘ಬೈಬಲಿನ ವ್ಯಕ್ತಿಗಳಿಂದ ವೃತ್ತಿಪಾಠ’ ಎಂಬ ಭಾಷಣವಿತ್ತೆಂದು ಎಚ್ಚರವಾಗಿ ಕೂತು, ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ.

ಗಂಡ: ಹೋಗ್ಲಿ, ಮೋಶೆ. ದೇವರು ಕೆಲಸ ಒಪ್ಪಿಸಿದಾಗ ಅವನು ಅಂದ ಹಾಗೆ ‘ನನಗೆ ಅಷ್ಟಾಗಿ ಮಾತು ಬರಲ್ಲ’ ಅಂತ ವಿನಯವಾಗಿ ಶುರು ಮಾಡ್ತೀನಿ.

ಹೆಂಡತಿ: ಆಮೇಲೆ ‘ಬೇರೆ ಯಾರನ್ನಾದ್ರೂ ಕಳಿಸು’ ಅಂತಲೂ ಅಂದ ಅವನು. ನೀವು ಹಾಗಂದ್ರೆ, ಹೊರಗಡೆ ಬೆಂಚಿನ ಮೇಲೆ ಅದೇ ಹುದ್ದೆಗೆ ಇನ್ನಿಬ್ಬರು ಕಾಯ್ತಾ ಕೂತಿರ್ತಾರೆ.

ಗಂಡ: ಮಾತಾಡೋಕೆ ಅವನ ಅಣ್ಣನ್ನ ಜೊತೆ ಮಾಡಿದ್ನಲ್ಲ ದೇವರು.

ಹೆಂಡತಿ: ನಿಮ್ಮಣ್ಣನ್ನ ಕರ್ಕೊಂಡು ಹೋಗಿ ನೋಡಿ. ಮ್ಯಾನೇಜರಿಗೆ ಪ್ರಶ್ನೆ ಕೇಳೋಕೂ ಬಿಡಲ್ಲ.

ಅವಳು ಚೀಟಿಯನ್ನು ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.

ಹೆಂಡತಿ: ಮೂರನೇದು ‘ದಾವೀದ’ ಅಂತಿದೆ. ಮುಂದೆ ಖಾಲಿ.

ಗಂಡ: ಪೆನ್ನು ನಿಂತೋಯ್ತು.

ಹೆಂಡತಿ: ನಾಲ್ಕನೇದು ಬರೆಯೋಕೆ ಇಂಕು ತಾನಾಗೇ ಬಂತಾ?

ಗಂಡ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಇನ್ನೆರಡು ಸಲ ಸುಮ್ಮನೆ ಎಳೆದಾಡಿದ.

ಗಂಡ: ಪ್ರವಾದಿ ಬಂದು ‘ಪಾಪ ಮಾಡಿದ್ದು ನೀನೇ’ ಅಂದಾಗ, ರಾಜನಾಗಿದ್ರೂ ದಾವೀದ ಹೌದು ಅಂತ ಒಪ್ಕೊಂಡ್ನಂತೆ. ತಪ್ಪು ಒಪ್ಪಿಕೊಳ್ಳೋನೇ ಮೇಲೇರೋದು ಅಂದ್ರು.

ಹೆಂಡತಿ: ಅದಕ್ಕೆ ಪೆನ್ನು ಯಾಕೆ ನಿಲ್ಲಬೇಕು?

ಗಂಡ: ಹೋದ ತಿಂಗಳು ಇನ್ನೂರು ಬಿಳಿ ಬೆಡ್‌ಶೀಟು ಗುಲಾಬಿ ಬಣ್ಣ ಆಯ್ತಲ್ಲ…

ಹೆಂಡತಿ: ಮಿಷನ್ನಿನವನು ಮಾಡಿದ್ದು ಅಂದ್ರಿ.

ಗಂಡ: ಎಲ್ಲರೂ ಹಾಗಂದ್ಕೊಂಡ್ರು. ನಾನು ಅಲ್ಲ ಅನ್ನಲಿಲ್ಲ, ಅಷ್ಟೇ.

ಹೆಂಡತಿ ಚೀಟಿಯನ್ನು ಮಡಿಸಿ ಮೇಜಿನ ಮೇಲಿಟ್ಟಳು. ಅವಳ ದನಿ ತಗ್ಗಿತ್ತು.

ಹೆಂಡತಿ: ಪಾಪ, ಆ ಮನುಷ್ಯ ತಿಂಗಳಿಂದ ತಲೆ ತಗ್ಗಿಸ್ಕೊಂಡು ಓಡಾಡ್ತಿದಾನೆ. ಕೆಲಸ ಸಿಗದಿದ್ರೆ ಬೇಡ. ನಿಜ ಹೇಳಿ ಬನ್ನಿ.

ಗಂಡ ಹೋಟೆಲ್ ತಲುಪುವ ಹೊತ್ತಿಗೆ ಉಳಿದಿಬ್ಬರ ಸಂದರ್ಶನ ಮುಗಿದಿತ್ತು. ಮಿಷನ್ನಿನವನೂ ಸ್ಟೋರಿನವನೂ ಬೆಂಚಿನ ಎರಡು ತುದಿಯಲ್ಲಿ ತೃಪ್ತಿಯಿಂದ ಕುಳಿತಿದ್ದರು. ಇವನು ಕಾಲರು ಸರಿಮಾಡಿಕೊಂಡು ಒಳಗೆ ಹೋದ.

ಮ್ಯಾನೇಜರ್: ಕೂತ್ಕೊಳ್ಳಿ. ಮೊದಲು ಆ ಗುಲಾಬಿ ಬೆಡ್‌ಶೀಟಿನ ವಿಷಯ…

ಗಂಡ: ನಾನೇ ಮೇಡಂ.

ಮ್ಯಾನೇಜರಮ್ಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

ಮ್ಯಾನೇಜರ್: ನೀವೂನಾ?

ಗಂಡ: ಅಂದ್ರೆ?

ಮ್ಯಾನೇಜರ್: ಮಿಷನ್ನಿನವರು ಬಂದು ‘ನಾನೇ’ ಅಂದ್ರು. ಸ್ಟೋರಿನವರಂತೂ ಕೇಳೋ ಮುಂಚೆನೇ ‘ನಾನೇ’ ಅಂತ ಕಣ್ಣೀರು ಹಾಕಿದ್ರು. ಆವತ್ತು ಅವರು ರಜದಲ್ಲಿದ್ರು. ಒಂದು ತಿಂಗಳು ಒಬ್ಬರೂ ಬಾಯಿ ಬಿಡಲಿಲ್ಲ, ಇವತ್ತು ಸಾಲಾಗಿ ಮೂರು ಜನ. ಏನು ಸಮಾಚಾರ?

ಗಂಡ: ಭಾನುವಾರ ಒಂದು ಭಾಷಣ ಇತ್ತು ಮೇಡಂ. ನಾನು ಹಿಂದೆ ಕೂತಿದ್ದೆ. ಮುಂದೆ ಯಾರ್ಯಾರಿದ್ರೋ ನೋಡಲಿಲ್ಲ.

ಮ್ಯಾನೇಜರ್: ತಪ್ಪು ನಂದು, ನಂದು ಅಂತ ಪೈಪೋಟಿ ಮಾಡೋರನ್ನ ಇದೇ ಮೊದಲು ನೋಡ್ತಿರೋದು. ಸರಿ, ಬಣ್ಣ ಬಿಟ್ಟಿದ್ದು ಯಾವುದು, ಹೇಳಿ.

ಗಂಡ: ಊಟದ ಹಾಲ್‌ನ ಕೆಂಪು ಪರದೆ. ಅರ್ಜೆಂಟು ಅಂದ್ರು, ಬೇರೆ ಮಿಷನ್ ಖಾಲಿ ಇರಲಿಲ್ಲ, ಬೆಡ್‌ಶೀಟಿನ ಜೊತೆಗೇ ತುರುಕಿದೆ. ಅದರ ಕೊಂಡಿ ಒಂದು ಇನ್ನೂ ಮಿಷನ್ನಿನ ರಬ್ಬರಿನ ಸಂದಿಯಲ್ಲಿದೆ, ಕೈ ಹಾಕಿದ್ರೆ ಸಿಗುತ್ತೆ. ನನಗೆ ಕೆಲಸ ಕೊಡದಿದ್ರೂ ಪರವಾಗಿಲ್ಲ, ಮಿಷನ್ನಿನವನ ಮೇಲಿನ ಅಪವಾದ ತೆಗೆದುಬಿಡಿ.

ಮ್ಯಾನೇಜರ್: ಒಬ್ಬರು ಕಾಲುಚೀಲ ಅಂದ್ರು. ಇನ್ನೊಬ್ಬರು ದೇವರಿಗೇ ಗೊತ್ತು ಅಂದ್ರು.

ಅವರು ಯಾರನ್ನೋ ಕರೆದು ಮಿಷನ್ ನೋಡಿಬರಲು ಕಳಿಸಿದರು. ಕೊಂಡಿ ಮೇಜಿನ ಮೇಲೆ ಬಂದು ಬಿತ್ತು.

ಮಧ್ಯಾಹ್ನ ಗಂಡ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದ.

ಗಂಡ: ಕೊಟ್ರು ಕಣೇ.

ಹೆಂಡತಿ: ಸೂಪರ್‌ವೈಸರ್ ಕೆಲಸಾನಾ? ಏನು ನೋಡಿ ಕೊಟ್ರು?

ಗಂಡ: ಮೂರು ಜನರಲ್ಲಿ ನಿಜವಾಗಿ ಕೆಡಿಸಿದ್ದು ನಾನೊಬ್ಬನೇ ಅಂತ.

ಹೆಂಡತಿ: ಹದಿನೈದು ವರ್ಷ ಕಲೆಯಿಲ್ಲದ ಹಾಗೆ ಒಗೆದಾಗ ಕಾಣದ ಯೋಗ್ಯತೆ ಈಗ ಕಾಣಿಸ್ತಾ? ಇರ್ಲಿ. ಮಿಷನ್ನಿನವನ ಹತ್ತಿರ ಕ್ಷಮೆ ಕೇಳಿದ್ರಾ?

ಗಂಡ: ಕೈ ಹಿಡ್ಕೊಂಡು ಕೇಳ್ದೆ. ತಿಂಗಳಿಡೀ ಅಪವಾದ ಹೊತ್ತಿದ್ದಕ್ಕೆ ಅವನಿಗೆ ಬೇಜಾರೇ ಇಲ್ಲ. ಆದ್ರೂ ಕೋಪ ಇಳಿದಿಲ್ಲ.

ಹೆಂಡತಿ: ಮತ್ತೆ ಯಾತಕ್ಕೆ ಕೋಪ?

ಗಂಡ: ‘ಅದು ನಿನ್ನ ತಪ್ಪು ಅಂತ ನಿನ್ನೆನೇ ಹೇಳಿದ್ರೆ, ನಾನು ನನ್ನದೇ ಒಂದು ತಪ್ಪು ಒಪ್ಕೋತಿದ್ನಲ್ಲೋ’ ಅಂದ.