ಅತ್ತೆಯ ಕಂಪ್ಯೂಟರಿನ ಜೊತೆ ಅಳಿಯನ ಚೌಕಾಸಿ

ಪಾತ್ರೆ ಅಂಗಡಿಯ ಯಜಮಾನರಿಗೆ ಬೀದಿಯವರು ಇಟ್ಟ ಹೆಸರು ಚೌಕಾಸಿರಾಯರು. ಅವರ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲಿ ‘ಒಂದೇ ದರ. ಚೌಕಾಸಿ ಮಾಡಬೇಡಿ’ ಎಂಬ ತಗಡಿನ ಬೋರ್ಡು ಎರಡು ಮೊಳೆಗಳಿಗೆ ಇಪ್ಪತ್ತು ವರ್ಷಗಳಿಂದ ಜೋತುಬಿದ್ದಿದೆ. ಆ ಬೋರ್ಡು ಗಿರಾಕಿಗಳಿಗೆ, ಬರೆಸಿದವರಿಗಲ್ಲ. ಅಂಗಡಿಯ ಹೊಸ್ತಿಲು ದಾಟಿ ಹೊರಗೆ ಬಂದರೆ ರಾಯರೇ ಬೇರೆ. ಡಾಕ್ಟರು ದಿನಕ್ಕೆ ಮೂರು ಮಾತ್ರೆ ಎಂದರೆ, “ಎರಡಕ್ಕೆ ಮುಗಿಸಿ ಡಾಕ್ಟ್ರೇ, ನಿಮ್ಮದೂ ಬೇಡ ನನ್ನದೂ ಬೇಡ” ಎನ್ನುವ ಪೈಕಿ. (ಡಾಕ್ಟರು ಒಮ್ಮೆ ಎರಡೂವರೆಗೆ ಒಪ್ಪಿದ್ದರಂತೆ.)

“ಬರೆದಿರೋ ಅಂಕಿ ಇರೋದು ಮಾತು ಶುರು ಮಾಡೋಕೆ ಕಣೇ, ಮುಗಿಸೋಕಲ್ಲ” ಎಂಬುದು ಅವರು ಹೆಂಡತಿಗೆ ಮದುವೆಯಾದಂದಿನಿಂದ ಬೋಧಿಸುತ್ತ ಬಂದ ಪರಮತತ್ವ. ಈ ತತ್ವ ಮೊದಲ ಸಲ ಎಡವಿ ಬಿದ್ದದ್ದು ಅತ್ತೆಯ ಕೋಣೆಯಲ್ಲಿ.

ಅತ್ತೆಯವರು ನಿವೃತ್ತ ಹೆಡ್‌ಮಿಸ್ಸು. ಮಗಳ ಮನೆಯ ಮಹಡಿಯ ಕೋಣೆಯಲ್ಲಿ ವಾಸ. ಬೇರೆಯವರು ಈ ವಯಸ್ಸಿಗೆ ಕಣ್ಣಿನ ಪೊರೆ, ಮಂಡಿನೋವು ಅಂತ ಕೂತರೆ ಅವರು ಕಂಪ್ಯೂಟರಿನಲ್ಲಿ ಕಾರ್ ರೇಸಿಗೆ ಕೂರುತ್ತಾರೆ. ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ಸರಿಯಾಗಿ ಪಂದ್ಯ. ಎದುರಾಳಿ ಬೇರೆ ಯಾರೂ ಅಲ್ಲ, ಬೀಗಿತ್ತಿ. ಅಂದರೆ ರಾಯರ ಸ್ವಂತ ಹೆತ್ತ ತಾಯಿ, ಊರಿನ ಇನ್ನೊಂದು ತುದಿಯಲ್ಲಿ ಕಿರಿಯ ಮಗನ ಮನೆಯಲ್ಲಿರುವವರು.

ಐದು ಭಾನುವಾರಗಳಿಂದ ಅತ್ತೆಯವರಿಗೆ ಸೋಲು. ಕೊನೆಯ ತಿರುವಿಗೆ ಬರುವಷ್ಟರಲ್ಲಿ ಹಳೆಯ ಕಂಪ್ಯೂಟರು ಮೆಟ್ಟಿಲು ಹತ್ತಿದ ಮುದುಕನಂತೆ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಅದನ್ನು ಹೇಳಿದರೆ ಬೀಗಿತ್ತಿ ಫೋನಿನಲ್ಲಿ, “ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ” ಎಂದು ನಕ್ಕರು. ಅತ್ತೆಯವರು ಫೋನ್ ಇಟ್ಟರು. ಮಾರನೆಯ ದಿನ ಹೊಸ ಗೇಮಿಂಗ್ ಕಂಪ್ಯೂಟರಿಗೆ ಹೇಳಿಬಂದರು.

ಕಂಪ್ಯೂಟರು ಜೋಡಿಸಿಕೊಟ್ಟವನು ಹೋಗುವಾಗ ರಾಯರಿಗೆ ಬಿಡಿಸಿ ಹೇಳಿದ್ದ. “ಮೆಮೊರಿ ಪಟ್ಟಿಗಳ ಮೇಲೆ ವೇಗ ಆರು ಸಾವಿರ ಅಂತಿದೆ ಯಜಮಾನ್ರೇ, ಆದರೆ ಮೊದಲಿಗೆ ಅದು ನಾಲ್ಕು ಸಾವಿರದ ಎಂಟುನೂರರಲ್ಲೇ ಓಡೋದು. ಸೆಟ್ಟಿಂಗ್ ಪರದೆಗೆ ಹೋಗಿ, ಕಂಪನಿಯವರೇ ಇಟ್ಟಿರೋ ಪ್ರೊಫೈಲ್ ಆನ್ ಮಾಡಿ. ವೇಗ, ವೋಲ್ಟು ಎರಡೂ ತಾವಾಗೇ ಕೂತ್ಕೊಳ್ತವೆ. ಆಮೇಲೆ ಸ್ವಲ್ಪ ಹೊತ್ತು ಪರದೆ ಕಪ್ಪಾಗಿರುತ್ತೆ, ಹೆದರಬೇಡಿ, ಆಫ್ ಮಾಡಬೇಡಿ. ಇನ್ನೇನನ್ನೂ ಮುಟ್ಟಬೇಡಿ.”

ರಾಯರ ಕಿವಿಗೆ ಬಿದ್ದದ್ದು ಎರಡು ಅಂಕಿ ಮಾತ್ರ. “ನೋಡಿದ್ಯೇನೇ? ಆರು ಸಾವಿರ ಅಂತ ಬರೆದು ನಾಲ್ಕು ಸಾವಿರದ ಎಂಟುನೂರು ಕೊಡ್ತಾನಂತೆ! ತೂಕದಲ್ಲಿ ಮೋಸ!”

“ರೀ, ಆನ್ ಮಾಡಿದರೆ ಪೂರ್ತಿ ಬರುತ್ತೆ ಅಂದನಲ್ಲ.”

“ಕೇಳಿದ ಮೇಲೆ ಕೊಡೋನು ಇನ್ನೂ ಎಷ್ಟು ಬಚ್ಚಿಟ್ಟಿರ್ತಾನೋ!”

ಭಾನುವಾರ ಮಧ್ಯಾಹ್ನ ಮೂರಕ್ಕೆ ರಾಯರು ಯಂತ್ರದ ಮುಂದೆ ವಿರಾಜಮಾನರಾದರು. ಪ್ರೊಫೈಲ್ ಆನ್ ಮಾಡಿದರು. ವೇಗ ಆರು ಸಾವಿರ, ವೋಲ್ಟು ಒಂದು ಪಾಯಿಂಟ್ ಮೂರು ಐದು. ಎರಡು ನಿಮಿಷ ಪರದೆ ಕಪ್ಪಾಯಿತು, ಮತ್ತೆ ಬೆಳಗಿತು. ಅತ್ತೆಯವರು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಕೈಪಿಡಿಯಲ್ಲಿ ಸರಿ ಗುರುತು ಹಾಕಿದರು.

“ಸಾಕು ಅಳಿಯಂದಿರೇ. ಏಳಿ, ಟೀ ಕುಡಿಯಿರಿ.”

ಅಲ್ಲಿಗೆ ಎದ್ದಿದ್ದರೆ ಅವರು ಚೌಕಾಸಿರಾಯರು ಹೇಗಾದಾರು? ಮೊದಲ ಮಾತಿಗೇ ಆರು ಸಾವಿರ ಕೊಟ್ಟ ಆಸಾಮಿ ಈ ಯಂತ್ರ! ಅತ್ತೆಯವರು ಕೆಳಗಿಳಿದದ್ದೇ ತಡ, ರಾಯರು ಮತ್ತೆ ಸೆಟ್ಟಿಂಗ್ ಪರದೆಗೆ ಹೋಗಿ ಏಳು ಸಾವಿರದ ಇನ್ನೂರು ಕೇಳಿದರು. ಅಷ್ಟು ಕೇಳುವಾಗ ತಾವೂ ಸ್ವಲ್ಪ ಕೈ ಬಿಚ್ಚಬೇಕಲ್ಲ, ವೋಲ್ಟನ್ನು ಏರಿಸಿದರು. ಒಂದು ಪಾಯಿಂಟ್ ನಾಲ್ಕಕ್ಕೆ ಅಂಕಿ ಹಳದಿಯಾಯಿತು. ಒಂದೂವರೆಗೆ ಕೆಂಪಾಯಿತು.

ಬೇರೆ ಯಾರಾದರೂ ಕೆಂಪು ಕಂಡರೆ ನಿಲ್ಲುತ್ತಿದ್ದರು. ರಾಯರು ಇಪ್ಪತ್ತು ವರ್ಷ ವ್ಯಾಪಾರ ಮಾಡಿದವರು. ಎದುರಿಗಿರುವವನ ಮುಖ ಕೆಂಪಾಯಿತೆಂದರೆ ಸೌದಾ ಕುದುರುವ ಹೊತ್ತು ಬಂತೆಂದೇ ಅವರ ಲೆಕ್ಕ. ಮೀಸೆ ತಿರುವಿ ಉಳಿಸುವ ಗುಂಡಿ ಒತ್ತಿದರು.

ಪರದೆ ಕಪ್ಪಾಯಿತು. ಐದು ನಿಮಿಷ. ಹತ್ತು ನಿಮಿಷ. ಒಳಗೆ ಫ್ಯಾನುಗಳು ತಿರುಗುತ್ತಿವೆ, ಬಣ್ಣದ ದೀಪಗಳು ಮಿನುಗುತ್ತಿವೆ, ಪರದೆ ಮಾತ್ರ ಅಮಾವಾಸ್ಯೆ. ಮೂರೂವರೆಗೆ ಅತ್ತೆಯವರು ಮೆಟ್ಟಿಲು ಹತ್ತಿದ ಸದ್ದಾಯಿತು.

“ಏನು ಮಾಡಿದಿರಿ?”

“ಏನಿಲ್ಲ ಅತ್ತೆ, ಇನ್ನೊಂಚೂರು ವೇಗ ಸಿಗುತ್ತೇನೋ ಅಂತ...”

ಅತ್ತೆಯವರು ಕನ್ನಡಕದ ಮೇಲಿಂದ ನೋಡಿದರು. “ಬೆಳಿಗ್ಗೆ ನಿಮ್ಮಮ್ಮ ಫೋನ್ ಮಾಡಿದ್ದರಲ್ಲ?”

“ಅಯ್ಯೋ, ಅದು ಸೊಂಟನೋವಿಗೆ...”

“ಹದಿನೈದು ನಿಮಿಷ ಮಾತಾಡಿದರಮ್ಮ,” ಎಂದು ಬಾಗಿಲಿಂದ ಹೆಂಡತಿ ಸಾಕ್ಷಿ ನುಡಿದಳು. “ನಾನು ಹೋದ ತಕ್ಷಣ ದನಿ ಸಣ್ಣ ಮಾಡಿದರು.”

ರಾಯರಿಗೆ ಪರಿಸ್ಥಿತಿ ಅರ್ಥವಾಯಿತು. ಕಂಪ್ಯೂಟರು ಸತ್ತರೆ ಇನ್ನೊಂದು ತರಬಹುದು. ನಾಲ್ಕಕ್ಕೆ ಇದು ಏಳದಿದ್ದರೆ, ತಾಯಿಯ ಪರವಾಗಿ ಅತ್ತೆಯ ಯಂತ್ರ ಕೆಡಿಸಿದ ಒಳಗಳ್ಳ ಎಂಬ ಬಿರುದು ಹೊತ್ತು ಈ ಮನೆಯಲ್ಲೇ ಬಾಳಬೇಕು. ಅವರು ಕಂಪ್ಯೂಟರಿನವನಿಗೆ ಫೋನ್ ಹಚ್ಚಿದರು.

“ವೋಲ್ಟು ಎಷ್ಟಿಟ್ರಿ?”

“ಒಂದೂವರೆ...”

“ಮೆಮೊರಿ ಸುಟ್ಟಿಲ್ಲದಿದ್ದರೆ ನಿಮ್ಮ ಪುಣ್ಯ. ಫೋನು ಅಮ್ಮಾವ್ರಿಗೆ ಕೊಡಿ. ನೀವು ಏನನ್ನೂ ಮುಟ್ಟಬೇಡಿ.”

ಅತ್ತೆಯವರು “ಹ್ಞೂಂ, ಹ್ಞೂಂ” ಎನ್ನುತ್ತ ಕೇಳಿಸಿಕೊಂಡು, ಕೈಪಿಡಿಯ ಮೂವತ್ತೆಂಟನೇ ಪುಟ ತೆರೆದರು. ಗೋಡೆಯಿಂದ ಕರೆಂಟಿನ ತಂತಿ ಕಿತ್ತರು. ಪಕ್ಕದ ಮುಚ್ಚಳ ಬಿಚ್ಚಿ, ಒಳಗಿನ ನಾಣ್ಯದಷ್ಟು ಬ್ಯಾಟರಿಯನ್ನು ಉಗುರಿನಿಂದ ಮೀಟಿ ತೆಗೆದರು.

“ಇದನ್ನ ತೆಗೆದರೆ ಯಾರೋ ಹೇಳಿಕೊಟ್ಟಿದ್ದನ್ನೆಲ್ಲ ಮರೆತುಬಿಡುತ್ತಂತೆ,” ಎಂದು ಅಳಿಯನ ತಲೆಯ ಕಡೆ ಒಮ್ಮೆ ನೋಡಿದರು. “ಎಲ್ಲರಿಗೂ ಹೀಗೊಂದು ಬ್ಯಾಟರಿ ಇರಬೇಕಿತ್ತು.”

ಗಡಿಯಾರ ನೋಡಿ ಐದು ನಿಮಿಷ ಬಿಟ್ಟು ಬ್ಯಾಟರಿ ಹಾಕಿದರು, ತಂತಿ ಸಿಕ್ಕಿಸಿದರು, ಗುಂಡಿ ಒತ್ತಿದರು. ಮತ್ತೆ ಕಪ್ಪು. ಒಂದು ನಿಮಿಷ, ಎರಡು ನಿಮಿಷ. ಮೂರನೆಯದಕ್ಕೆ ರಾಯರಿಗೆ ತಡೆಯಲಾಗದೆ ಕೈ ಸ್ವಿಚ್ಚಿನ ಕಡೆ ಜಾರಿತು. ಪೆನ್ಸಿಲ್ ಬೆರಳ ಗೆಣ್ಣಿಗೆ ಟಪ್ಪೆಂದು ಬಿತ್ತು.

“ಕೈ ಕಟ್ಟಿ ನಿಂತ್ಕೊಳ್ಳಿ!”

ಐವತ್ತೆರಡರ ರಾಯರು ಎರಡನೇ ಕ್ಲಾಸಿನ ಹುಡುಗನಂತೆ ಕೈಕಟ್ಟಿ ನಿಂತರು. ನಾಲ್ಕಕ್ಕೆ ಆರು ನಿಮಿಷವಿದೆ ಎನ್ನುವಾಗ ಪರದೆ ಬೆಳಗಿತು. ವೇಗ ನಾಲ್ಕು ಸಾವಿರದ ಎಂಟುನೂರು.

“ಪ್ರೊಫೈಲ್ ಆನ್ ಮಾಡಲಾ ಅತ್ತೆ? ಬರೀ ಪ್ರೊಫೈಲ್, ದೇವರಾಣೆ.”

“ಅದನ್ನ ನಾಳೆ ನಿಧಾನಕ್ಕೆ ನಾನೇ ಮಾಡ್ತೀನಿ. ಇವತ್ತಿಗೆ ಇಷ್ಟೇ ಸಾಕು.”

ಸಾಕಾಯಿತು. ಕೊನೆಯ ತಿರುವಿನಲ್ಲಿ ಅತ್ತೆಯ ಕೆಂಪು ಕಾರು ಬೀಗಿತ್ತಿಯ ನೀಲಿ ಕಾರನ್ನು ಸವರಿಕೊಂಡು ಮುಂದೆ ಹೋಯಿತು, ಒಂದು ಸಲವೂ ಉಸಿರು ಕಟ್ಟದೆ. ಇದುವರೆಗೆ ನೆಲ ನಿಜವಾಗಿಯೂ ಡೊಂಕಾಗಿತ್ತು ಎಂದು ಆ ಮನೆಯಲ್ಲಿ ಎಲ್ಲರೂ ಒಪ್ಪಿದರು.

ರಾಯರು ಉಸಿರು ಬಿಡುವಷ್ಟರಲ್ಲಿ ಫೋನು ಕಿರುಚಿತು. ಹೆತ್ತ ತಾಯಿ.

“ಲೋ, ಹೆತ್ತವಳಿಗೇ ಎರಡು ಬಗೆದ್ಯಲ್ಲೋ! ಮಧ್ಯಾಹ್ನವೆಲ್ಲ ಅತ್ತೆ ಕಂಪ್ಯೂಟರ್ ಮುಂದೆ ಕೂತು ವೇಗ ಜಾಸ್ತಿ ಮಾಡಿಕೊಟ್ಟೆಯಂತೆ!”

“ಅಮ್ಮಾ, ನಾನು ಮಾಡಿದ್ದರಿಂದ ಏನೂ...”

“ಮಾತಾಡಬೇಡ. ಮುಂದಿನ ಭಾನುವಾರ ಬಂದು ನನ್ನದಕ್ಕೂ ಅದನ್ನೇ ಮಾಡಿಕೊಡ್ತೀಯ!”

ಅತ್ತೆಯವರು ಆ ಮಾತು ಕೇಳಿಸಿಕೊಂಡರು. “ಹೋಗಿ ಬನ್ನಿ ಅಳಿಯಂದಿರೇ,” ಎಂದರು ಜೇನಿನಂಥ ದನಿಯಲ್ಲಿ. “ಅವರದಕ್ಕೂ ಖಂಡಿತ ಅದನ್ನೇ ಮಾಡಿ.”

ಸೋಮವಾರ ಬೆಳಿಗ್ಗೆ ರಾಯರು ಅಂಗಡಿಗೆ ಹೊರಡುವ ಮೊದಲೇ ಅತ್ತೆಯವರು ಕೈಚೀಲ ಹಿಡಿದು ವಾಯುವಿಹಾರಕ್ಕೆಂದು ಹೋಗಿಬಂದಿದ್ದರು. ಅಂಗಡಿಯ ಬೀಗದ ಕೈ ಗೂಟದಲ್ಲಿ ತಿರುವುಮುರುವಾಗಿ ನೇತಾಡುತ್ತಿದ್ದುದನ್ನು ರಾಯರು ಗಮನಿಸಲಿಲ್ಲ. ಆಗಲೇ ಮಹಡಿಯಲ್ಲಿ, ಅತ್ತೆಯ ಕೋಣೆಯ ಗೋಡೆಗೆ ಮೊಳೆ ಹೊಡೆಯುವ ಸದ್ದು ಕೇಳಿದರೂ ತಲೆ ಕೆಡಿಸಿಕೊಳ್ಳಲಿಲ್ಲ.

ಅಂಗಡಿ ತೆರೆದು ಗಲ್ಲಾದ ಹಿಂದೆ ಕೂತಾಗ ಮೊದಲ ಗಿರಾಕಿ ಬಂದಳು. ಏಳು ವರ್ಷಗಳಿಂದ ಅದೇ ದೊಡ್ಡ ಹಂಡೆಯ ದರ ಕೇಳಿ, ರಾಯರು ಬೆರಳೆತ್ತಿ ತಲೆಯ ಮೇಲೆ ತೋರಿಸಿದ್ದನ್ನು ನೋಡಿ, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದ ಹೆಂಗಸು. ಇವತ್ತೂ ಕೇಳಿದಳು. ರಾಯರು ಅಭ್ಯಾಸದಂತೆ ತಿರುಗಿ ನೋಡದೆಯೇ ಬೆರಳೆತ್ತಿದರು.

ಆಕೆ ಬೆರಳು ತೋರಿಸಿದ ಕಡೆ ನೋಡಿದಳು. ಅಲ್ಲಿ ಬೋರ್ಡಿರಲಿಲ್ಲ, ಬರೀ ಎರಡು ಮೊಳೆಗಳಿದ್ದವು.

ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಇಡೀ ದಿನಕ್ಕೆಂದು ಬಂದವಳಂತೆ ಆರಾಮವಾಗಿ ಕೂತಳು.

“ಸರಿ ಯಜಮಾನ್ರೇ,” ಎಂದಳು, “ಈಗ ಮಾತಾಡೋಣ.”