ಜಾರುಹಲಗೆಯ ಅಂಚು

ಗೊತ್ತಿಲ್ಲದ ಕೆಲಸಕ್ಕೆ ಕೈಹಾಕುವಾಗ ಬರುವ ಹುಮ್ಮಸ್ಸು, ಗೊತ್ತಿರುವ ಕೆಲಸ ಮಾಡುವಾಗ ಎಲ್ಲಿ ಅಡಗಿರುತ್ತದೋ ಕಾಣೆ. ಹಾನುಬಾಳಿನ ಹತ್ತಿರದ ಎಸ್ಟೇಟಿನಲ್ಲಿ ರೈಟರಾಗಿದ್ದ ನಾನು ಆಳುಗಳ ಹಾಜರಿ ಬರೆಯುವುದಕ್ಕೂ ಆಕಳಿಸುತ್ತಿದ್ದವನು. ಅಂಥವನು, ಹೆಂಡತಿಯ ತಮ್ಮ ರಂಗಸ್ವಾಮಿ ಸ್ಕೀ ಮಾಡುತ್ತೇನೆ ಎಂದಾಗ ಪಂಚೆ ಎತ್ತಿ ಕಟ್ಟಿ ನಿಂತೆ. ಸ್ಕೀ ಎಂದರೆ ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಹಲಗೆ ಎಂಬುದೂ ನನಗೆ ಆಗಲೇ ತಿಳಿದದ್ದು. ನಮ್ಮ ಕಡೆ ಮಂಜು ಗಾಳಿಯಲ್ಲೇ ತೇಲಿಹೋಗುತ್ತದೆ. ನೆಲಕ್ಕೆ ಬಿದ್ದು ಗಟ್ಟಿಯಾದದ್ದನ್ನು ಕಂಡವರಿಲ್ಲ.

ರಂಗಸ್ವಾಮಿ ಮಿಲಿಟರಿಯಲ್ಲಿ ಹಿಮಾಲಯದ ಕಡೆ ಇದ್ದವನು. ಚಳಿಗೆ ಕಾಲ್ಬೆರಳು ಕಳೆದುಕೊಂಡು ನಮ್ಮ ಮನೆಗೆ ಬಂದಮೇಲೆ ಜಗಲಿಯಿಂದ ಇಳಿದಿರಲಿಲ್ಲ. ಏನು ಕೇಳಿದರೂ ಹೂಂ, ಇಲ್ಲವೇ ಊಹೂಂ. "ಹಲಗೆಯಾದ್ರೂ ಮಾಡ್ಲಿ, ಒಲೆಗಾದ್ರೂ ಹಾಕ್ಲಿ, ಅವನ ಜೊತೆ ಕೂತ್ಕಳ್ರಿ" ಎಂದಳು ನನ್ನ ಹೆಂಡತಿ ಸರೋಜ. ಸಿಲ್ವರ್ ಓಕ್ ಹಲಗೆಯ ಮೂತಿ ಬಗ್ಗಿಸಲು ಅವಳ ನೀರೊಲೆಯ ಹಂಡೆಯಲ್ಲೇ ಅದನ್ನು ಬೇಯಿಸಿದಾಗ ಮಾತ್ರ ಆ ಔದಾರ್ಯ ಕೊಂಚ ಇಳಿಯಿತು.

ಹಲಗೆಯ ಪಕ್ಕಗಳಿಗೆ ಪ್ಲಾಸ್ಟಿಕ್ ಪಟ್ಟಿ ಕೂರಿಸಬೇಕೆಂದ ರಂಗಸ್ವಾಮಿ. ಸಕಲೇಶಪುರದಲ್ಲಿ ಲಾರಿ ಸಾಮಾನು ಮಾರುತ್ತಿದ್ದ ಸಾಬರೊಬ್ಬರು ಹಳೆಯ ಪ್ಲಾಸ್ಟಿಕ್ ಬೋರ್ಡಿನ ಬಿಳಿ ತುಂಡು ಕೊಟ್ಟು, "ಇದನ್ನ ಕಾಲಿಗೆ ಕಟ್ಕೊಂಡು ಎಲ್ಲಿಗೆ ಹೋಗ್ತೀರ ಮಾರಾಯ್ರೆ?" ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ. ಅಂಟಿಸಿ ಮೊಳೆ ಹೊಡೆದಾದ ಮೇಲೆ ಅಂಚನ್ನು ನಯ ಮಾಡುವ ಕೆಲಸ ನಾನೇ ಕೇಳಿ ಪಡೆದೆ. ಅರದಿಂದ ಉಜ್ಜಿದೆ, ಬೆಕ್ಕು ಪರಚಿದ ಹಾಗಾಯಿತು. ಮರಳು ಕಾಗದ ಹಿಡಿದೆ, ಪ್ಲಾಸ್ಟಿಕ್ಕಿಗೆ ರೋಮ ಎದ್ದಿತು. ಹಟಕ್ಕೆ ಬಿದ್ದು ಇನ್ನೂ ಜೋರಾಗಿ ತಿಕ್ಕಿದೆ, ಬಿಸಿಯೇರಿ ಬೆಲ್ಲದ ಪಾಕದಂತೆ ಅಂಟತೊಡಗಿತು.

"ಬುಡು ಭಾವ, ಅದೇನು ಎಮ್ಮೆ ಮೈಯಾ?" ಎಂದ ರಂಗಸ್ವಾಮಿ. ಒಡೆದ ಕಿಟಕಿ ಗಾಜಿನ ಚೂರಿಗೆ ಬಟ್ಟೆ ಸುತ್ತಿ ಹಿಡಿದು, ಮೂತಿಯಿಂದ ಬಾಲದವರೆಗೆ ಒಂದೇ ಉಸಿರಿನಲ್ಲೆಂಬಂತೆ ಎಳೆದ. ತೆಳ್ಳಗಿನ ಸಿಪ್ಪೆ ಸುರುಳಿಯಾಗಿ ಬಿತ್ತು. ಆಮೇಲೆ ನುಣುಪಾದ ಮರಳು ಕಾಗದವನ್ನು ನೀರಲ್ಲಿ ಅದ್ದಿ, ಒಂದೇ ದಿಕ್ಕಿಗೆ, ನಿಧಾನವಾಗಿ ಉಜ್ಜಿದ.

"ಇಷ್ಟು ನಯ ಯಾಕೋ? ಯಾರು ನೋಡ್ತಾರೆ?" ಎಂದೆ.

"ನೋಡೋಕಲ್ಲ. ಗೀರಿದ್ರೆ ಹಿಮ ಹಿಡ್ಕಂತದೆ. ಅಂಚು ಬಿಟ್ಟಿದ್ರೆ ಮರ ನೀರು ಕುಡಿದು ಭಾರ ಆಗ್ಬುಡ್ತದೆ." ಕೈ ನಿಲ್ಲಿಸದೆ ಹೇಳಿದ: "ನನ್ನ ಜೊತೆಯವನದು ಹಂಗೇ ಆಗಿತ್ತು. ಹಿಂದೆ ಉಳ್ಕಂಬುಟ್ಟ."

"ಸಿಕ್ಕಿದನಾ?"

"ಬೆಳಗ್ಗೆ ಸಿಕ್ದ."

ಹೇಗೆ ಸಿಕ್ಕಿದನೆಂದು ನಾನು ಕೇಳಲಿಲ್ಲ. ಇನ್ನೊಂದು ಗಾಜಿನ ಚೂರು ತೆಗೆದುಕೊಂಡು ಎದುರಿಗೆ ಕೂತೆ. ಅವನು ಆ ಗೆಳೆಯನ ಊರು, ಹಾಡು, ರೊಟ್ಟಿ ಸುಡುವ ರೀತಿ ಎಲ್ಲ ಹೇಳುತ್ತಾ ಹೋದ. ಒಳಗೆ ಪಾತ್ರೆಯ ಸದ್ದು ನಿಂತಿತ್ತು, ಸರೋಜಳೂ ಕೇಳಿಸಿಕೊಳ್ಳುತ್ತಿದ್ದಳು.

ಬೇಸಿಗೆಯಲ್ಲಿ ಜೀಪು ಹತ್ತಿ ಮೂವರೂ ವನಗೂರಿನ ಬೋಳುಗುಡ್ಡಕ್ಕೆ ಹೋದೆವು. ಹಿಮವಿಲ್ಲದಿದ್ದರೇನು, ಒಣಹುಲ್ಲು ಎಣ್ಣೆ ಸವರಿದಂತೆ ಜಾರುತ್ತಿತ್ತು. ನಮ್ಮಿಬ್ಬರನ್ನು ನೆತ್ತಿಯಲ್ಲಿ ಇಳಿಸಿದ ಜೀಪಿನಲ್ಲೇ ಸರೋಜ ಬುತ್ತಿಯೊಂದಿಗೆ ತಪ್ಪಲಿಗೆ ಹೋದಳು. ರಂಗಸ್ವಾಮಿಯ ಕಾಲು ಗಟ್ಟಿಯಿಲ್ಲ, ಬಿದ್ದರೆ ಹಿಡಿಯಬೇಕೆಂದು ನಾನು ಅವನ ಪಕ್ಕ ನಿಂತೆ. ಅವನು ಹಲಗೆ ಬಿಗಿದುಕೊಂಡ, ಮೊಣಕಾಲು ಬಗ್ಗಿಸಿದ, ಸುಮ್ಮನೆ ಹೊರಟುಹೋದ. ಎರಡು ಸಲ ವಾಲಿದ, ಬೀಳಲಿಲ್ಲ. ಕೆಳಗೆ ನಿಂತು ಕೈ ಎತ್ತಿದ.

ಅವನನ್ನು ಹಿಡಿಯಲೆಂದು ಬಂದಿದ್ದ ನಾನು ಇಳಿಜಾರು ನೋಡಿ, ಒಂದು ಹೆಜ್ಜೆ ಇಟ್ಟು, ಹುಲ್ಲಿನ ಮೇಲೆ ಕೂತುಬಿಟ್ಟೆ. ಇಳಿಯಲು ಧೈರ್ಯವಾಗಲಿಲ್ಲ. ಕೊನೆಗೆ ರಂಗಸ್ವಾಮಿಯೇ, ಹಲಗೆ ಬಿಚ್ಚಿಟ್ಟು, ಕುಂಟುತ್ತಾ ಗುಡ್ಡ ಹತ್ತಿ ಬಂದು, ನನ್ನ ಕೈಹಿಡಿದು ಇಳಿಸಿದ.