ಹರಿಯಬ್ಬೆ ಅಜ್ಜನ ಗಡ್ಡೆ

ಗಡ್ಡೆ ಕುಯ್ಯುವ ಕೆಲಸದಲ್ಲಿ ಇಷ್ಟು ನಗು ಇದೆಯೆಂದು ಮೆಡಿಕಲ್ ಕಾಲೇಜಿನಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಹಿರಿಯೂರಿಗೆ ಸರ್ಜನ್ ಆಗಿ ಬಂದ ಮೇಲೆ ನಗದ ವಾರವೇ ಇಲ್ಲ. ಅದರಲ್ಲೂ ಹರಿಯಬ್ಬೆ ಕಡೆಯ ಕುರಿ ಕಾಯುವ ಅಜ್ಜನ ಕಥೆ ಕೇಳಿ.

೧. ಒರಗುವ ಜಾಗ

ಅಜ್ಜನ ಎಡ ಹೆಗಲ ಹಿಂದೆ ಕುಂಬಳಕಾಯಿ ಗಾತ್ರದ ಕೊಬ್ಬಿನ ಗಡ್ಡೆ. ನೋವಿಲ್ಲ, ಆದರೆ ಅಂಗಾತ ಮಲಗಿ ವರ್ಷಗಳೇ ಆಗಿದ್ದವು. ಅಜ್ಜಿ ಎಳೆದುಕೊಂಡು ಬಂದಿದ್ದರು.

"ಹೆದರಬೇಡಿ ಅಜ್ಜ, ನೋವಾಗದ ಹಾಗೆ ತೆಗೀತೀನಿ" ಎಂದೆ.

"ನನಗೇನ್ ಹೆದರಿಕೆ ಡಾಕ್ಟ್ರಮ್ಮ? ತಾಯಿ ಸತ್ತ ಮರಿನ ಹೆಗಲ ಮ್ಯಾಲೆ ಹೊತ್ಕಂಡು ಹೋಗ್ತೀನಿ. ಅದು ಇದಕ್ಕೇ ಒರಗ್ತೈತೆ. ಇದನ್ನ ತೆಗೆದ್ರೆ ಪಾಪ, ಮರಿ ಎಲ್ಲಿ ಒರಗಬೇಕು?"

ಅಜ್ಜಿ ನನ್ನ ಕಡೆ ತಿರುಗಿದರು. "ನೋಡ್ರಮ್ಮ, ಮದುವೆಯಾದಾಗಿಂದ ನನ್ನ ಬಗ್ಗೆ ಒಂದಿನ ಹಿಂಗೆ ಯೋಚನೆ ಮಾಡಿಲ್ಲ!"

೨. ಮೇಜಿನ ಮೇಲೆ

ಅಂತೂ ಒಪ್ಪಿದರು. ಆಪರೇಷನ್ ಮೇಜಿನ ಮೇಲೆ ಮಗ್ಗುಲಾಗಿ ಮಲಗಲು ಹೇಳಿದ್ದೇ ತಡ, ಕೈ ಕಾಲು ನಾಲ್ಕನ್ನೂ ಒಟ್ಟಿಗೆ ಜೋಡಿಸಿ ಮುಂದೆ ಚಾಚಿದರು.

"ಇದೇನಜ್ಜ?"

"ಕಟ್ಟಲ್ವಾ? ಉಣ್ಣೆ ಕತ್ತರಿಸುವಾಗ ನಾವು ಕುರಿ ಕಾಲ್ನ ಹಿಂಗೇ ಕಟ್ತೀವಿ. ಆಮೇಲೆ ಒದ್ದುಬಿಟ್ರೆ ನನ್ನ ಬಯ್ಯಬ್ಯಾಡ್ರಿ!"

೩. ವಾರ್ಡಿನಲ್ಲಿ

ಗಡ್ಡೆ ತೆಗೆದ ಮರುದಿನ ಅಜ್ಜ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು. ಬುತ್ತಿ ಹಿಡಿದು ಬಂದ ಅಜ್ಜಿ ಅವರನ್ನು ದಾಟಿ ಹೋಗಿ, ವಾರ್ಡೆಲ್ಲ ಹುಡುಕಿ, "ನಮ್ಮನೆಯವ್ರನ್ನ ಎಲ್ಲಿ ಮಲಗಿಸೀರಿ?" ಎಂದು ನನ್ನನ್ನೇ ಜೋರು ಮಾಡಿದರು. ನಾನು ಬೆರಳು ತೋರಿಸಿದೆ.

"ಅಯ್ಯೋ, ಹಿಂದಿನಿಂದ ಯಾರೋ ಹುಡುಗ ಅಂದ್ಕಂಡೆ!"

ಆವತ್ತು ಇಡೀ ದಿನ ಅಜ್ಜ ಬಾಗಿಲಿಗೆ ಬೆನ್ನು ಹಾಕಿಯೇ ಕೂತಿದ್ದರು.

೪. ಮತ್ತೆ ಬಂದ ಗಡ್ಡೆ

ಪರೀಕ್ಷೆಯಲ್ಲಿ ಬರೀ ಕೊಬ್ಬು ಎಂದು ಬಂತು, ಗಾಯವೂ ಮಾಗಿತು. ಕೆಲವು ತಿಂಗಳ ನಂತರ ಅಜ್ಜ ತೋರಿಸಲು ಬಂದು, ಕಂಬಳಿ ಹೊದ್ದು ಬೆಂಚಿನ ಮೇಲೆ ಕೂತಿದ್ದರು. ನಾನು ಹಿಂದಿನಿಂದ ನೋಡಿದೆ. ಅದೇ ಹೆಗಲು, ಅಷ್ಟೇ ದಪ್ಪ! ಇಷ್ಟು ಒಳ್ಳೆಯ ಮನುಷ್ಯನಿಗೆ ಇನ್ನೊಮ್ಮೆ ಕತ್ತರಿ ಹಾಕಬೇಕಲ್ಲ ಎಂದು ಸಂಕಟವಾಯಿತು. ಸಂಕಟವಾದರೆ ನನಗೆ ಸಿಟ್ಟೂ ಬರುತ್ತದೆ.

"ಯಾವಾಗಿಂದ ಹೀಗೆ ಊದಿದೆ ಅಜ್ಜ? ಮೊದಲೇ ಬರೋಕೆ ಏನಾಗಿತ್ತು?" ಎನ್ನುತ್ತಾ ಕಂಬಳಿಯ ಮೇಲಿನಿಂದಲೇ ಒತ್ತಿದೆ.

ಗಡ್ಡೆ "ಬ್ಯಾ" ಎಂದಿತು.

ಕಂಬಳಿಯಿಂದ ಪುಟ್ಟ ಮೂತಿಯೊಂದು ಹೊರಬಂತು. ಅಜ್ಜ ಗಾಬರಿಯಾಗಿ ಎರಡೂ ಕೈಯಲ್ಲಿ ಮುಚ್ಚಿಕೊಂಡರು.

"ಒರಗಾಕೆ ಜಾಗಿಲ್ಲ ಅಂತ ಕಂಬಳಿನೇ ಜೋಳಿಗೆ ಮಾಡಿ ಕಟ್ಟೀನಿ ಡಾಕ್ಟ್ರಮ್ಮ. ಇದಕ್ಕೆ ತಾಯಿಲ್ಲ. ನಿಮಗೆ ಕೈ ಮುಗೀತೀನಿ, ಇದೊಂದನ್ನ ಕುಯ್ಯಬ್ಯಾಡ್ರಿ!"